ಮಗಳ ಆಲ್ಬಮ್ಮಿಗೆ ಮಂಗಳಾರತಿ

ಕೆರೆಯ ನಡುವೆ ಕೂತು ಊರನ್ನೆಲ್ಲ ನೋಡಿಕೊಳ್ಳುವ ಸೊಲ್ಲಾಪುರದ ಸಿದ್ಧರಾಮನಿಗೆ ಮೊದಲ ಶರಣು. ಅಕ್ಕಲಕೋಟದ ಆಲದ ನೆರಳಿನ ಸ್ವಾಮಿಗೆ ಎರಡನೆಯ ಶರಣು. ನಮಗೆ ತಿಳಿಯುವ ನಾದ, ತಿಳಿಯದ ನಾದ ಎರಡನ್ನೂ ಹುಟ್ಟಿಸಿದವನು ಒಬ್ಬನೇ. ಅವನನ್ನು ನೆನೆದು ಈ ಮಾತು ಶುರು ಮಾಡುತ್ತೇನೆ.

ನಾನು ಸೊಲ್ಲಾಪುರದಲ್ಲಿ ಚಾದರ, ಟವೆಲ್ಲಿನ ಅಂಗಡಿ ಇಟ್ಟವನು. ಸೋಮವಾರ ಭಜನೆ, ಗುರುವಾರ ಅಕ್ಕಲಕೋಟ, ಉಳಿದ ದಿನ ಗಿರಾಕಿ. ಇಷ್ಟು ಸರಳ ಬಾಳಿನಲ್ಲಿ ಗೊಂದಲಕ್ಕೆ ಜಾಗವೇ ಇರಬಾರದು. ಆದರೂ ನಮ್ಮ ಮನೆಯಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಈ ಸಲದ್ದು ಮಗಳ ಕೈಯಿಂದ ಬಂತು.

ಅವಳೂ ಅವಳ ಮೂವರು ಗೆಳೆಯರೂ ಒಂದು ಮುಚ್ಚಿದ ಮಗ್ಗದ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಕೂತು ಒಂದು ಆಲ್ಬಮ್ ಮಾಡಿದರು. ಸೈಕೆಡೆಲಿಕ್ ರಾಕ್, ಅದರಲ್ಲೂ ಪ್ರಯೋಗದ್ದು ಎಂದಳು.

"ಅಂದ್ರ ಏನವಾ?" ಎಂದೆ.

"ಕಣ್ಣ ಮುಚ್ಚಿ ಕೇಳಿದ್ರ ಬಣ್ಣ ಕಾಣಸ್ತಾವಪ್ಪಾ."

"ನಮ್ಮ ಚಾದರದಾಗ ಕಣ್ಣ ತೆರದ್ರೂ ಕಾಣಸ್ತಾವಲ್ಲ. ಹೆಸರೇನ ಇಟ್ಟೀರಿ?"

"ಹೆಸರ ಇಡಬಾರದು ಅಂತ ಮಾಡೀವಿ."

ಒಳಗಿನಿಂದ ಅವಳ ತಾಯಿ, "ಕೂಸಿಗೆ ಸುದ್ದಾ ತೊಟ್ಟಲಾ ಕಟ್ಟಿ ಹೆಸರಿಡತಾರ. ಇದನ್ನ ಏನಂತ ಕರೀಬೇಕು, ಏ ಇಕಾ ಬಾ ಅಂತೇನು?" ಎಂದಳು.

ನಾನು ಕೈಕಾಲು ತೊಳೆದುಕೊಂಡು, ಭಕ್ತಿಯಿಂದಲೇ ಕೇಳಲು ಕೂತೆ. ಮೊದಲು ಗಾಳಿ ಬೀಸಿತು. ಆಮೇಲೆ ಗಿಟಾರು ಹಿಂದುಮುಂದಾಗಿ ಹರಿಯಿತು. ಯಾರೋ ಬಾವಿಯೊಳಗಿಂದ ಕರೆದಂತಾಯಿತು. ಅಷ್ಟರಲ್ಲಿ ನನಗೆ ಕಣ್ಣು ಹತ್ತಿತು. ಎಚ್ಚರಾದಾಗ ಎದುರಿಗಿದ್ದ ಮಗಳ ಮುಖ ಸಣ್ಣದಾಗಿತ್ತು.

"ಉಳದ ಗೆಳ್ಯಾರು ಕೇಳದನ ಭಾರೀ ಅದ ಅಂತಾರ. ನೀವ ಮಲಗತೀರಿ. ಪೂರ್ತಿ ಕೇಳಿ ಒಂದ ಮಾತ ಹೇಳಾವ್ರು ಒಬ್ಬರರ ಸಿಗಬೇಕಪ್ಪಾ. ಸಿಗದಿದ್ರ ಗಿಟಾರ ಮಾರಿಬಿಡ್ತೀನಿ. ಪುಣೆದಾಂವ ಒಬ್ಬ ಬರೋ ಮಂಗಳವಾರ ಒಯ್ತೀನಿ ಅಂದಾನ."

ಊಟ ಬಿಟ್ಟರೂ ಗಿಟಾರು ಬಿಟ್ಟ ಹುಡುಗಿಯಲ್ಲ ಅವಳು. "ಆ ಒಬ್ಬರನ್ನ ನಾ ಹುಡುಕ್ತೀನಿ" ಎಂದೆ.

"ಸುಳ್ಳ ಹೇಳಬಾರದು. ಅವ್ರು ಹೆಂಗಂದ್ರೋ ಹಂಗಽ ಹೇಳಬೇಕು."

ಸಿದ್ಧರಾಮನ ಆಣೆ ಮಾಡಿ ಒಪ್ಪಿಕೊಂಡೆ.

ಬೋಣಿಯ ಹೊತ್ತು

ಮರುದಿನ ಅಂಗಡಿ ತೆರೆದು, ದೀಪ ಹಚ್ಚಿ, ಒಳಕೋಣೆಯಲ್ಲಿದ್ದ ಸ್ಪೀಕರಿಗೆ ಆಲ್ಬಮ್ ಹಚ್ಚಿದೆ. ಮೊದಲ ಗಿರಾಕಿಗಳು ಮರವಡೆಯಿಂದ ಬಂದ ಹೆಣ್ಣುಮಕ್ಕಳು. ಮದುವೆಯ ಆಹೇರಿಗೆ, ಉಡುಗೊರೆ ಕೊಡಲು, ಟವೆಲ್ ಬೇಕಾಗಿತ್ತು. ಅವರಲ್ಲಿ ಹಿರಿಯಾಕೆ ಚೌಕಾಶಿಯಲ್ಲಿ ಪಳಗಿದ ಕೈ. ಟವೆಲ್ಲನ್ನು ಜಗ್ಗಿ, ಬೆಳಕಿಗೆ ಹಿಡಿದು, ಮೂಗು ಮುರಿದು, ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಒಳಗಿನಿಂದ ಬಾವಿಯ ದನಿ ಬಂತು. ಆಕೆ ಟವೆಲ್ ಕೆಳಗಿಟ್ಟಳು.

"ಅಣ್ಣಾರ, ಒಳಗ ಯಾರು? ತಾಯ್ಯಾರೇನು?"

"ಅಲ್ಲರಿ, ನಮ್ಮ ಮಗಳು."

"ಅಯ್ಯ ಶಿವನ. ಭಾಳ ದಿವಸ ಆತೇನು?"

"ಆರೇಳ ತಿಂಗಳಾತ್ರಿ. ಇಷ್ಟು ದಿನ ಶೆಡ್ಡಿನ್ಯಾಗ ನಡದಿತ್ತು."

"ಶೆಡ್ಡಿನ್ಯಾಗ ಇಟ್ಟಿದ್ರಿ? ಯಾರಿಗೂ ತೋರಿಸಿಲ್ಲೇನು?"

"ಇಲ್ಲರಿ. ಎಲ್ಲಾರೂ ಕೇಳಲಿ ಅಂತ ಈಗ ಇಂಟರ್ನೆಟ್ಟಿಗೆ ಹಾಕತಾಳಂತ."

ಆಕೆ ಜೊತೆಯವರ ಮುಖ ನೋಡಿದಳು. ಅವರು ಈಕೆಯ ಮುಖ ನೋಡಿದರು. ನಾನು ಹೇಳಿದ ಬೆಲೆಗೆ ತುಟಿ ಎರಡು ಮಾಡದೆ ಎಲ್ಲ ಕಟ್ಟಿಸಿಕೊಂಡರು. ಮೆಟ್ಟಿಲು ಇಳಿಯುವಾಗ ಹಿರಿಯಾಕೆ ತಿರುಗಿ, "ಗಿರಾಕಿ ಇವತ್ತ ಬರ್ತಾವ, ನಾಳಿ ಬರ್ತಾವ. ನೀವ ಮೊದಲ ಒಳಗ ಹೋಗಿ ಆಕಿ ಹತ್ರ ಕುಂದರ್ರಿ" ಎಂದಳು.

ಇದಿಷ್ಟನ್ನೂ ಮನೆಯಲ್ಲಿ ನಡೆದದ್ದು ನಡೆದಂತೆ ಹೇಳಿದೆ. ಮಗಳು, "ಎಷ್ಟು ಕೇಳಿದ್ರು?" ಎಂದಳು. "ಮೊದಲನೇ ಹಾಡಿನ ಅರ್ಧಾ" ಎಂದೆ. ಅವಳು ಎದ್ದು ಒಳಗೆ ಹೋದಳು.

ಅವಳ ತಾಯಿ ಮಾತ್ರ, "ದಿನಾ ಮುಂಜಾನೆ ಹಚ್ಚರಿ. ಮದುವಿ ಸೀಜನ್ ಮುಗಿಯೂತನಕ ಬಿಡಬ್ಯಾಡ್ರಿ" ಎಂದಳು.

ಕುಂಭಾರಿ ದಾಟಿದ ಮೇಲೆ

ಗುರುವಾರ ಅಕ್ಕಲಕೋಟಕ್ಕೆ ಸವಾರಿ ಜೀಪಿನಲ್ಲಿ ಹೊರಟೆ. ಡ್ರೈವರ್ ಮರಾಠಿ ಹುಡುಗ, ಕನ್ನಡವನ್ನೂ ತಕ್ಕಮಟ್ಟಿಗೆ ಆಡುವವನು, ಬಲು ವಿನಯದವನು. ಮಗಳ ಹಾಡಿದೆ ಎಂದ ಕೂಡಲೇ, "ಲಾವಾ ಕೀ ಕಾಕಾ, ಹಚ್ಚರಿ" ಎಂದು ತನ್ನ ಸ್ಪೀಕರಿಗೆ ನನ್ನ ಫೋನು ಜೋಡಿಸಿಕೊಟ್ಟ. ಜೀಪಿನಲ್ಲಿ ಹನ್ನೊಂದು ಜನ ಇದ್ದೆವೋ ಹದಿಮೂರೋ, ದೇವರೇ ಬಲ್ಲ. ಎಲ್ಲರೂ ಮಾತಿನಲ್ಲಿದ್ದರು.

ಕುಂಭಾರಿ ದಾಟಿದ ಮೇಲೆ ಹಾಡಿನೊಳಗೆ ಗುರ್ ಗುರ್ ಎಂಬುದೊಂದು ಎದ್ದಿತು. ಅದರ ಬೆನ್ನಿಗೆ ಟಣ್ ಟಣ್. ಡ್ರೈವರ್ ಕಿವಿ ನಿಮಿರಿಸಿದ. ಗೇರು ಬದಲಿಸಿ ನೋಡಿದ. ಕಡೆಗೆ ಬೇವಿನ ಮರದ ಕೆಳಗೆ ಜೀಪು ನಿಲ್ಲಿಸಿ ಬಾನೆಟ್ ಎತ್ತಿಯೇಬಿಟ್ಟ. ಎಲ್ಲರೂ ಇಳಿದರು. ನಮ್ಮ ಕಡೆ ಬಾನೆಟ್ ತೆರೆದರೆ ಸುತ್ತ ನಿಂತು ಬಗ್ಗಿ ನೋಡದವನು ಮನುಷ್ಯನೇ ಅಲ್ಲ.

"ಬೇರಿಂಗ್ ಹೋಗೇದ" ಎಂದ ಜೋಳದ ಚೀಲದವನೊಬ್ಬ, ವಾಗದರಿಯವನು.

"ಬೇರಿಂಗಿನ ಆವಾಜ ಹಿಂಗ ಇರಂಗಿಲ್ಲ. ಇದು ಫ್ಯಾನ್ ಬೆಲ್ಟ್" ಎಂದರು ಒಬ್ಬ ಶಾಲೆ ಮಾಸ್ತರರು.

"ಬೆಲ್ಟ್ ಅಳತದೇನ್ರಿ? ಇದು ಅಳಾಕತ್ತೇದ. ಗಾಲ್ಯಾಗ ಬೆಕ್ಕಿನ ಮರಿ ಸಿಕ್ಕದೇನ ನೋಡ್ರಿ" ಎಂದಳು ಒಬ್ಬ ಮುದುಕಿ.

ನಾನು ಮೆಲ್ಲಗೆ, "ಇಂಜಿನ್ ಬಂದ್ ಅದಲ್ಲರಿ. ಅದು ಹಾಡು" ಎಂದೆ.

"ನೀವ ಸುಮ್ಮಿರ್ರಿ ಕಾಕಾ, ನಿಮಗ ಗಾಡಿದ್ದು ತಿಳಿಯಂಗಿಲ್ಲ" ಎಂದ ಚೀಲದವನು. "ಬಂದ್ ಮಾಡಿದ್ರೂ ನಿಲ್ಲವಲ್ದು ಅಂದ್ರ ಬೇರಿಂಗಽ."

ಡ್ರೈವರ್ ಬೋಲ್ಟು ತಿರುಗಿಸುವ ಪಾನಾ ಹಿಡಿದು ಎಲ್ಲೋ ಬಿಗಿ ಮಾಡಿದ, ಎಲ್ಲೋ ಕುಟ್ಟಿದ. ಬಿಸಿಲು ಏರುತ್ತಿತ್ತು. ದರ್ಶನಕ್ಕೆ ತಡವಾಗುತ್ತದೆಂದು ನಾನು ಒಳಗೆ ಹೋಗಿ ಫೋನು ಬಂದ್ ಮಾಡಿದೆ. ಸಪ್ಪಳ ಥಟ್ಟನೆ ನಿಂತಿತು. ಡ್ರೈವರ್ ಬೆವರು ಒರೆಸಿಕೊಂಡು, "ಝಾಲಂ. ಆತು ನೋಡ್ರಿ" ಎಂದ. ಎಲ್ಲರೂ ಅವನ ಕೈಗುಣವನ್ನು ಹೊಗಳುತ್ತ ಹತ್ತಿ ಕೂತರು.

ಅಕ್ಕಲಕೋಟದಲ್ಲಿ ಇಳಿಯುವಾಗ ಪಾಪ ಅವನೇ ಕೈ ಮುಗಿದು, "ಗಾಡಿ ಗದ್ಲದಾಗ ನಿಮ್ಮ ಮಗಳ ಹಾಡ ಕೇಳೂದಽ ಉಳೀತು ಕಾಕಾ" ಎಂದು ಬೇಜಾರು ಮಾಡಿಕೊಂಡ.

ಅತ್ತೆಯವರ ಮೆಣಸಿನಕಾಯಿ

ದರ್ಶನ ಮುಗಿಸಿ, ಅಕ್ಕಲಕೋಟದಲ್ಲೇ ಇರುವ ನಮ್ಮ ಅತ್ತೆಯವರ ಮನೆಗೆ ಹೋದೆ. ಮೊಮ್ಮಗಳ ಹಾಡೆಂದು ಅವರು ಫೋನನ್ನು ಮಣೆಯ ಮೇಲಿಡಿಸಿ ಎದುರಿಗೆ ಕೂತರು. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಿಕ್ಕಿತು.

"ಏನಾಗೇದ ಹುಡಿಗಿ ದನಿಗೆ? ಚೊಕ್ಕ ಹಾಡಾಕಿ ಇದ್ಲು."

"ಬೇಕಂತ ಹಂಗ ಮಾಡ್ಯಾಳ್ರಿ ಅತ್ತ್ಯಾರ."

"ಬೇಕಂತ ಯಾರ ಮಾಡ್ತಾರ? ದೃಷ್ಟಿ ತಾಕೇದ."

ಬ್ಯಾಡಗಿ ಮೆಣಸಿನಕಾಯಿ, ಉಪ್ಪು, ಸಾಸಿವೆ ಮುಷ್ಟಿಯಲ್ಲಿ ಹಿಡಿದು, ಹಾಡುತ್ತಿದ್ದ ಫೋನಿಗೇ ನಿವಾಳಿಸಿದರು. ಎಲ್ಲವನ್ನೂ ಕೆಂಡಕ್ಕೆ ಸುರಿದರು. ಮೆಣಸಿನಕಾಯಿ ಸುಟ್ಟು ಕರಿದಾಯಿತು, ಘಾಟು ಏಳಲಿಲ್ಲ. ಘಾಟು ಎದ್ದರೆ ದೃಷ್ಟಿ ಇರಲಿಲ್ಲ ಎಂದು, ಏಳದಿದ್ದರೆ ಬಲವಾಗಿ ತಾಕಿತ್ತು ಎಂದು ನಮ್ಮಲ್ಲಿ ಎಲ್ಲರೂ ನಂಬಿದ ಮಾತು.

"ಕೆಮ್ಮ ಬಂತೇನು?"

"ಇಲ್ಲರಿ."

"ಸೀನ?"

"ಇಲ್ಲರಿ."

"ನೋಡ್ರಿ ಮತ್ತ" ಎಂದು ಅವರು ನನ್ನನ್ನೇ ದಿಟ್ಟಿಸಿದರು. "ದೃಷ್ಟಿ ಯಾರದು ತಾಕತದ? ಮೆಚ್ಚಿದವರದು. ಮೆಚ್ಚದವರದು ತಾಕಂಗಿಲ್ಲ. ಯಾರೋ ಈ ಹಾಡನ್ನ ಹೊಟ್ಟಿತುಂಬ ಮೆಚ್ಯಾರ."

ಇದರಲ್ಲಿ ತಪ್ಪೆಲ್ಲಿದೆ ಎಂದು ನಾನು ದಾರಿಯುದ್ದಕ್ಕೂ ಯೋಚಿಸಿದೆ, ಸಿಗಲಿಲ್ಲ. ಮನೆಗೆ ಬಂದವನೇ, "ಒಬ್ಬರು ಸಿಕ್ಕಾರವಾ" ಎಂದೆ. ಮಗಳು ಓಡಿ ಬಂದಳು.

"ಯಾರಪ್ಪಾ?"

"ಯಾರಂತ ಗೊತ್ತಿಲ್ಲ. ಆದ್ರ ಇರೂದು ಖರೆ. ಮೆಣಸಿನಕಾಯಿ ಸಾಕ್ಷಿ ಅದ."

ಮಠದಲ್ಲಿ ಸೋಮವಾರ

ಮಗಳು ಆ ದಿನ ನಕ್ಕಳು. ಭಾನುವಾರ ನೋಡಿದರೆ ಗಿಟಾರನ್ನು ಒರೆಸಿ ಚೀಲದೊಳಗಿಟ್ಟು ಜಿಪ್ ಎಳೆಯುತ್ತಿದ್ದಳು. ಸೋಮವಾರ ಸಂಜೆ ಓಣಿಯ ಮಠಕ್ಕೆ ಹೋಗಿ ನಮ್ಮ ಭಜನಿ ಮಂಡಳಿಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವ ಮಾಸ್ತರರ ಕಾಲು ಹಿಡಿದೆ. ನಮ್ಮಲ್ಲಿ ಹೊಸ ಮಗ್ಗದ ಮೊದಲ ಚಾದರ ದೇವರಿಗೆ ಹೊದಿಸುವ ವಾಡಿಕೆ ಇದೆ. ಮಗಳ ಮೊದಲ ಕೆಲಸವೂ ಹಾಗೇ ದೇವರ ಮುಂದೆ ಒಮ್ಮೆ ಬಿಚ್ಚಿಕೊಳ್ಳಲಿ ಎಂದೆ.

ಮಾಸ್ತರರು ಎಂಬತ್ತರ ಹತ್ತಿರದವರು, ನೇಮದಲ್ಲಿ ಬಿಗಿ. "ದೇವ್ರಿಗಂದ ಮ್ಯಾಲ ಪೂರಾ ಹಚ್ಚಬೇಕು. ಪದ ಮುಗದ ಮ್ಯಾಲ, ಮಂಗಳಾರತಿಗಿಂತ ಮೊದಲ" ಎಂದರು. ಮಂಗಳಾರತಿ ಹಾಡಿದ ಮೇಲೆ ಹಾಡಿಲ್ಲ, ವಾದ್ಯವಿಲ್ಲ. ಅಪ್ಪಿತಪ್ಪಿ ಎದ್ದಿತೋ, ಆ ಮಂಗಳಾರತಿ ಕೆಟ್ಟಿತು, ಮತ್ತೆ ಮಾಡಬೇಕು. ಇದು ಮಂಡಳಿಯ ಕಾನೂನು.

ಮಗಳು ಬಂದು ಕಂಬಕ್ಕೆ ಒರಗಿ ಕೂತಳು. ಆಲ್ಬಮ್ ಶುರುವಾಯಿತು. ಮೊದಲ ಹಾಡು ಕರಗುತ್ತ ಕರಗುತ್ತ ಇಲ್ಲವಾಯಿತು. ಮುಗಿಯಿತೆಂದು ಮಾಸ್ತರರು ಪೇಟಿ ಎಳೆದುಕೊಂಡರು, ಕರ್ಪೂರ ಉರಿಯಿತು, ಎಲ್ಲರೂ ಎದ್ದು ನಿಂತು ಮಂಗಳಾರತಿ ಹಾಡಿದೆವು. ಕೊನೆಯ ಸಾಲು ಮುಗಿಯುವುದಕ್ಕೂ ಸ್ಪೀಕರಿನಿಂದ ಡ್ರಮ್ಮು ಸಿಡಿಯುವುದಕ್ಕೂ ಸರಿಹೋಯಿತು. ಆರತಿ ಹಿಡಿದವನು ಒಂದು ಹೆಜ್ಜೆ ಹಿಂದೆ ಹಾರಿದ.

"ಕೆಟ್ಟಿತು" ಎಂದರು ಮಾಸ್ತರರು. ಎಲ್ಲರೂ ಕೂತೆವು.

ಎರಡನೆಯ ಹಾಡೂ ಹಾಗೆಯೇ ಸತ್ತಂತೆ ಮಾಡಿತು. ಮತ್ತೆ ಎದ್ದೆವು, ಹಾಡಿದೆವು, ಮತ್ತೆ ಕೆಟ್ಟಿತು. ಮೂರನೆಯ ಸಲ ಕರ್ಪೂರ ತೀರುತ್ತ ಬಂದಿತ್ತು, ಪ್ರಸಾದದ ಶಿರಾ ಆರುತ್ತಿತ್ತು.

"ಮಾಸ್ತರ, ಒಂದ ಹರಳ ಕರ್ಪೂರ ಉಳದದ. ಈ ಸರ್ತಿ ಗಡಬಡಿ ಮಾಡಬ್ಯಾಡ್ರಿ" ಎಂದ ತಬಲಾದವನು. "ಖರೇನ ಮುಗೀತೋ ಇಲ್ಲೋ ನೋಡೇ ಏಳೂಣು."

ಮಾಸ್ತರರು ಮಗಳ ಕಡೆ ತಿರುಗಿ, "ಇನ್ನ ಎಷ್ಟವಾ?" ಎಂದರು.

"ಕೇಳ್ರಿ ಅಜ್ಜಾ, ಗೊತ್ತಾಗತದ" ಎಂದಳು ಪುಣ್ಯಾತ್ಗಿತ್ತಿ.

ಆಮೇಲೆ ಆ ಮಂಡಳಿ ಕೇಳಿದ್ದು ನೋಡಬೇಕಿತ್ತು. ಒಂದು ಎಳೆ ಸದ್ದು ತಪ್ಪಿಸಿಕೊಳ್ಳದಂತೆ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಕೂತರು. "ಮುಗೀತೇನು?" "ಇಲ್ಲ, ತಳದಾಗ ಗುಂಯ್ ಅನ್ನಾಕತ್ತೇದ." "ಈಗ?" "ಶ್, ಇನ್ನಾ ಅದ." ನಾನೂ ಕೇಳಿದೆ. ನಿದ್ದೆ ಬರಲಿಲ್ಲ. ತಿಳಿಯಲೂ ಇಲ್ಲ.

ಹೀಗೇ ಎಷ್ಟೋ ಹೊತ್ತು ಹೋಯಿತು. ಯಾರೂ ಅಲುಗಲಿಲ್ಲ. ಮಠದ ಮಾಳಿಗೆಯಲ್ಲಿ ಪಾರಿವಾಳ ಗುಟುರು ಹಾಕಿತು. ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೆಯಿತು. ಕಡೆಗೆ ಮಗಳೇ ಎದ್ದು ಹೋಗಿ ಆ ಒಂದು ಹರಳು ಕರ್ಪೂರ ಹಚ್ಚಿದಳು. ಮಂಗಳಾರತಿ ನಿರ್ವಿಘ್ನವಾಗಿ ಆಯಿತು.

ಶಿರಾ ಹಂಚುವಾಗ ಮಾಸ್ತರರು ಅವಳನ್ನು ಹತ್ತಿರ ಕರೆದರು.

"ಖರೆ ಹೇಳ್ತೀನವಾ, ಮೊದಲಿನವು ನನಗ ತಿಳೀಲಿಲ್ಲ. ಆದ್ರ ಕಡೀಕಿನ ಹಾಡ ಅದಲ್ಲ, ಭಾಳ ಛಲೋ ಅದ. ಮನಸ್ಸ ನಿಂತಬಿಡ್ತು."

"ಅದರಾಗ ಪಾರಿವಾಳ ಹಾಕೀರಲ್ಲ, ಅದು ಪಸಂದ" ಎಂದ ತಬಲಾದವನು. "ಆಮ್ಯಾಲ ಒಂದ ಸೀಟಿ ಬರ್ತದ ನೋಡ್ರಿ, ಅಲ್ಲೆ ಮೈ ಝುಂ ಅಂತು."

ಮಗಳು ತಟ್ಟನೆ ಬಗ್ಗಿ ಮಾಸ್ತರರ ಪಾದ ಮುಟ್ಟಿದಳು. ಬಹಳ ಹೊತ್ತು ತಲೆ ಎತ್ತಲಿಲ್ಲ. ಎಂಥ ಭಕ್ತಿ ಎಂದು ಎಲ್ಲರೂ ಮೆಚ್ಚಿದರು.

ಹೊರಗೆ ಬಂದು, "ಕಡೀಕಿನ ಹಾಡ ಯಾವುದವಾ?" ಎಂದು ಕೇಳಿದೆ.

"ಅದು ಹಾಡಲ್ಲಪ್ಪಾ. ಆಲ್ಬಮ್ ಅಷ್ಟೊತ್ತಿಗೆ ಮುಗದು ಹೋಗಿತ್ತು." ಅವಳ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು. "ಪೂರ್ತಿ ಕೇಳಾವ್ರು ಒಬ್ಬರು ಸಿಗಲಿ ಅಂದಿದ್ದೆ. ಇವರು ಮುಗದ ಮ್ಯಾಲೂ ಕೇಳ್ಯಾರ." ಅಲ್ಲೇ ಮೆಟ್ಟಿಲ ಮೇಲೆ ಕೂತು ಪುಣೆಯವನಿಗೆ ಫೋನು ಮಾಡಿ, ಗಿಟಾರು ಕೊಡುವುದಿಲ್ಲ ಎಂದಳು.

ಮುಂದಿನ ಸೋಮವಾರ ನಾವು ಮಠದೊಳಗೆ ಕಾಲಿಟ್ಟದ್ದೇ ತಡ, ಮಾಸ್ತರರು, "ಆ ಕಡೀಕಿಂದು ಒಂದ ಹಚ್ಚವಾ" ಎಂದರು. ನಾನು ಗಾಬರಿಯಾಗಿ ಮಗಳನ್ನು ನೋಡಿದೆ. ಅವಳು, "ಅಜ್ಜಾ, ಅದರಾಗ ನಂದೇನೂ ಇಲ್ಲರಿ, ಬರೀ ಸುಮ್ಮ ಕೂಡೂದು ಅದ" ಎಂದು ಇದ್ದದ್ದನ್ನೇ ಹೇಳಿದಳು. "ವಿನಯ ಇರಬೇಕು, ಇಷ್ಟಲ್ಲ" ಎಂದರು ಅವರು. ಅವಳು ಫೋನನ್ನು ದೇವರ ಮುಂದಿಟ್ಟು ಏನನ್ನೂ ಒತ್ತದೆ ಕೂತಳು. ಎಲ್ಲರೂ ಕಣ್ಣು ಮುಚ್ಚಿದರು. ಪಾರಿವಾಳ ಬಂತು, ಕುಕ್ಕರ್ ಬಂತು, ನಡುವೆ ಯಾರದೋ ಸ್ಕೂಟರೂ ಹೋಯಿತು.

ಮಂಗಳಾರತಿ ಆದ ಮೇಲೆ ತಬಲಾದವನು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ: "ಆಕಿಗೆ ಹೇಳಬ್ಯಾಡ್ರಿ, ಬೇಜಾರ ಮಾಡ್ಕೊಂಡಾಳು. ಹ್ವಾದ ವಾರ ಸೀಟಿ ಸಮಕ್ಕ ಬಂದಿತ್ತು. ಈ ವಾರ ಗಡಬಡಿ ಆತು. ತಾಲೀಮ ಕಡಿಮಿ ಬಿದ್ದದ."

ಇಷ್ಟು ಹೊತ್ತು ಕೂತು ಕೇಳಿದ ನಿಮಗೆಲ್ಲ, ತಿಳಿದು ಕೇಳಿದವರಿಗೂ ನನ್ನಂತೆ ತಿಳಿಯದೆ ಕೇಳಿದವರಿಗೂ, ಸಿದ್ಧರಾಮ ಒಳಿತು ಮಾಡಲಿ. ನಿಮ್ಮ ಮನೆಯ ಮಕ್ಕಳು ಏನು ನುಡಿಸಿದರೂ ಮುಗಿಯುವ ತನಕ ಕೂತು ಕೇಳುವಷ್ಟು ಆಯುಷ್ಯ, ಅಷ್ಟೇ ಗಟ್ಟಿ ಕಿವಿ ಕೊಟ್ಟು ಕಾಯಲಿ.