ಹುಡುಗಿಯ ಕಡೆಯವನು

ನಗಬಾರದ ಜಾಗದಲ್ಲಿ ನಗು ಬರುವುದು ನನಗೇನೂ ಹೊಸದಲ್ಲ. ಆದರೆ ಈ ಸೇವೆಗೆ ಇಳಿದ ಮೇಲೆ ಅದು ಅತಿಯಾಗಿದೆ. ಹೆತ್ತವರ ಆಸರೆ ತಪ್ಪಿದ ಮಕ್ಕಳನ್ನು ಸಾಕಲು ಮುಂದೆ ಬಂದವರ ಮನೆಗೆ ಹೋಗುವುದು, ಮಗು ಹೇಗಿದೆ ನೋಡುವುದು, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಅದರ ಪರವಾಗಿ ಮಾತಾಡುವುದು, ಇಷ್ಟೇ ಕೆಲಸ. ಸಂಬಳವಿಲ್ಲ. ಆದೋನಿಯಲ್ಲಿ ಹತ್ತಿ ದಲಾಲಿ ಮಾಡಿಯೇ ತಲೆ ನರೆಸಿಕೊಂಡವನು ನಾನು. ಇನ್ನೊಬ್ಬರ ಪರವಾಗಿ ಮಾತಾಡುವುದು ನನಗೆ ಹೇಳಿಕೊಡಬೇಕೇ ಎಂದು ಮನೆಯಲ್ಲಿ ಜಂಬ ಕೊಚ್ಚಿಕೊಂಡೆ.

ಹೆಂಡತಿ ರೊಟ್ಟಿ ಬಡಿಯುತ್ತಲೇ ಅಂದಳು: "ಹತ್ತಿ ತಿರುಗಿ ಮಾತಾಡ್ತಿರ್ಲಿಲ್ಲ. ಹುಡುಗೂರು ಮಾತಾಡ್ತಾರ. ಹುಷಾರಿ."

ಒಪ್ಪಿಗೆ

ನನಗೆ ಮೊದಲು ಒಪ್ಪಿಸಿದ್ದು ನಾಲ್ಕನೇ ತರಗತಿಯ ಒಬ್ಬ ಹುಡುಗಿಯನ್ನು. ಆಲೂರಿನಲ್ಲಿ ಪಂಚರ್ ಅಂಗಡಿ ಇಟ್ಟ ಒಬ್ಬನೂ ಅವನ ಹೆಂಡತಿಯೂ ಆಕೆಯನ್ನು ಸಾಕುತ್ತೇವೆ ಎಂದಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಮಕ್ಕಳ ರಕ್ಷಣಾ ಕಚೇರಿಯ ಮೇಡಂ ಮತ್ತು ನಾನು ಹುಡುಗಿಯನ್ನು ಕರೆದುಕೊಂಡು ಮನೆ ನೋಡಲು ಹೋದೆವು.

ನಮ್ಮ ಕಡೆ ಯಾರಾದರೂ 'ನೋಡಾಕ' ಬರುತ್ತಾರೆ ಎಂದರೆ ಒಂದೇ ಅರ್ಥ. ಜಮಖಾನೆ ಹಾಸಿತ್ತು. ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ಬಂದವು. ಆಮೇಲೆ ಅಂಗಡಿಯವನ ಹೆಂಡತಿ ಮೈತುಂಬ ಸೆರಗು ಹೊದ್ದು, ತಲೆ ತಗ್ಗಿಸಿ ಬಂದು ಕೂತಳು. ನಾನು ಏನು ಕೇಳಿದರೂ ಆಕೆಯ ಅತ್ತೆಯೇ ಉತ್ತರ ಕೊಡುತ್ತಿದ್ದಳು.

"ಅಡಗಿ ಎಲ್ಲಾ ಬರ್ತೈತ್ರಿ. ಹೊಲಿಗಿ ಬರ್ತೈತಿ. ಹೆಚ್ಚಿಗಿ ಮಾತಾಡಂಗಿಲ್ರಿ."

ನನ್ನ ಪಕ್ಕದಲ್ಲಿ ಕೂತು ಬಜ್ಜಿ ತಿನ್ನುತ್ತಿದ್ದ ಹುಡುಗಿ ಆಕೆಯನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನನ್ನ ಕಿವಿಗೆ ಬಾಯಿಟ್ಟು ಹೇಳಿದಳು: "ತಾತ, ಈಕಿ ಇರ್ಲಿ ಬಿಡು. ಬ್ಯಾರೆ ಕಡಿ ನೋಡೋದು ಬ್ಯಾಡ."

ಫ್ರಿಜ್

ಹುಡುಗಿಯನ್ನು ಕೆಲವು ತಿಂಗಳ ಮಟ್ಟಿಗೆ ಆ ಮನೆಯಲ್ಲಿ ಬಿಟ್ಟರು. ಹೊಂದಿಕೊಂಡರೆ ಅಲ್ಲಿಯೇ, ಇಲ್ಲದಿದ್ದರೆ ಮತ್ತೆ ಸರ್ಕಾರದ ಬಾಲಸದನ. ಹೀಗಾಗಿ ನಾನು ಬರುವ ದಿನವೆಂದರೆ ಗಂಡ ಹೆಂಡತಿ ಇಬ್ಬರಿಗೂ ಜೀವದಲ್ಲಿ ಜೀವ ಇರುತ್ತಿರಲಿಲ್ಲ.

ಒಮ್ಮೆ ಹೋದಾಗ ನೋಡಿದರೆ ಮನೆ ಗುರುತೇ ಸಿಗುವಂತಿರಲಿಲ್ಲ. ಫ್ರಿಜ್, ಮಂಚ, ಓದುವ ಮೇಜು, ಕೂಲರ್ ಎಲ್ಲ ಬಂದಿದ್ದವು. ಪಂಚರ್ ಅಂಗಡಿ ಇಷ್ಟು ಚೆನ್ನಾಗಿ ನಡೆಯುತ್ತದೆ ಎಂದು ಗೊತ್ತಿದ್ದರೆ ನಾನು ಹತ್ತಿಯ ಗೊಡವೆಗೇ ಹೋಗುತ್ತಿರಲಿಲ್ಲ. ಹೊಗಳಿ ಹೊರಟೆ. ಬಸ್ ನಿಲ್ದಾಣ ಮುಟ್ಟುವ ಹೊತ್ತಿಗೆ ಕನ್ನಡಕ ಮರೆತದ್ದು ನೆನಪಾಗಿ ತಿರುಗಿ ಬಂದೆ. ಓಣಿಯಲ್ಲಿ ಫ್ರಿಜ್ ಎದುರಿಗೇ ಬರುತ್ತಿತ್ತು. ನಾಲ್ಕು ಮಂದಿ ಹೊತ್ತಿದ್ದರು. ಹಿಂದೆ ಮಂಚ, ಅದರ ಹಿಂದೆ ಮೇಜು. ಬಾಗಿಲಲ್ಲಿ ನಿಂತಿದ್ದ ಆಕೆ ನನ್ನನ್ನು ಕಂಡವಳೇ ಅಳತೊಡಗಿದಳು.

"ಫ್ರಿಜ್ ಇಲ್ಲಂದ್ರ ಕೂಸಿನ್ನ ಕರ್ಕೊಂಡು ಹೋಗ್ತೀರೇನ್ರಿ ಅಪ್ಪಾರೆ?"

"ಇಲ್ಲಮ್ಮ, ಯಾರೂ ಕರ್ಕೊಂಡು ಹೋಗಂಗಿಲ್ಲ," ಎಂದೆ.

ಹುಡುಗಿ ಮಾತ್ರ ಸಿಟ್ಟಾಗಿದ್ದಳು. "ಇನ್ನೊಂದು ತಾಸು ಕುಂದ್ರಬಾರ್ದಾಗಿತ್ತಾ ತಾತ? ಐಸ್ ಆಗ್ತಿತ್ತು."

ದೂರು

ಕೊನೆಗೆ ಸಮಿತಿ ತೀರ್ಮಾನ ಮಾಡುವ ದಿನ ಬಂತು. ಕರ್ನೂಲಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಂಗಡಿಯವನ ಹೆಂಡತಿ ಹುಡುಗಿಗೆ ತೆಲುಗಿನಲ್ಲಿ 'ಚೆನ್ನಾಗಿದೆ' ಎನ್ನುವ ಪಾಠ ಹೇಳಿದಳು: "ಬಾಗುಂದಿ ಅನ್ನು. ಅಷ್ಟ ಸಾಕು." ಕೇಳಿ ಕೇಳಿ ಹುಡುಗಿ ನಿದ್ದೆ ಹೋದಳು.

ಅಧ್ಯಕ್ಷರು ತೆಲುಗಿನ ಹೆಣ್ಣುಮಗಳು. ಹುಡುಗಿಯನ್ನು ಹತ್ತಿರ ಕರೆದು ಕೇಳಿದರು: "ಆ ಮನೆಯಲ್ಲಿ ಚೆನ್ನಾಗಿದೆಯಾ ತಲ್ಲೀ?"

"ಬಾಗಲೇದು," ಎಂದಳು ಹುಡುಗಿ. ಚೆನ್ನಾಗಿಲ್ಲ!

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಏನು ತೊಂದರೆ ಎಂದು ಅಧ್ಯಕ್ಷರು ಕೇಳಿದ್ದೇ ತಡ, ಹುಡುಗಿ ಕನ್ನಡಕ್ಕೆ ತಿರುಗಿದಳು.

"ತಲಿಗೆ ದಿನಾ ಎಣ್ಣಿ ಹಾಕ್ತಾಳ್ರಿ, ಕಣ್ಣಾಗ ಇಳೀತೈತಿ. ಸಾಕಂದ್ರೂ ಇನ್ನೊಂದು ರೊಟ್ಟಿ ಹಾಕ್ತಾಳ. ಸಾಲಿ ಬಿಡೋತನಕ ಗೇಟಿನ್ಯಾಗ ನಿಂದಿರ್ತಾಳ, ಎಲ್ಲಾರೂ ನಗ್ತಾರ. ನನಗ ಜ್ವರ ಬಂದಾಗ ಅಳಾಕ ಕುಂತ್ಲು, ನಿದ್ದಿನ ಮಾಡಗೊಡ್ಲಿಲ್ಲ."

ನಾನು ಅದನ್ನೆಲ್ಲ ತೆಲುಗಿನಲ್ಲಿ ಹೇಳಿದೆ. ಅಧ್ಯಕ್ಷರು ನಗು ತಡೆದುಕೊಂಡು, "ಹಾಗಾದರೆ ಬೇರೆ ಮನೆಗೆ ಕಳಿಸಲಾ?" ಎಂದರು.

ಹುಡುಗಿಗೆ ಆಶ್ಚರ್ಯವಾಯಿತು. "ನಾನ್ಯಾಕ್ರಿ ಹೋಗ್ಲಿ? ಅದು ನಮ್ಮನಿ. ನಮ್ಮಮ್ಮಗ ಒಂದೆಲ್ಡು ಮಾತು ಬುದ್ಧಿ ಹೇಳಿ ಕಳಸ್ರಿ."

ಅಧ್ಯಕ್ಷರು ಅಲ್ಲಿಯೇ ಸಹಿ ಹಾಕಿದರು. ಹುಡುಗಿಯ ಮಾತನ್ನೂ ತಳ್ಳಿಹಾಕಲಿಲ್ಲ. ತಾಯಿಯ ಕಡೆ ತಿರುಗಿ, ಇನ್ನು ಮೇಲೆ ಎಣ್ಣೆ ಸ್ವಲ್ಪ ಕಡಿಮೆ ಹಚ್ಚಮ್ಮ ಎಂದು ಗಂಭೀರವಾಗಿಯೇ ಬುದ್ಧಿ ಹೇಳಿದರು.

ಆಕೆ ಹೂಂಗುಟ್ಟಿ ಕಣ್ಣೊರೆಸಿಕೊಂಡಳು. ಮಗಳನ್ನು ಬರಸೆಳೆದು ತಲೆ ನೇವರಿಸಿದಳು. ನೇವರಿಸುತ್ತ ನೇವರಿಸುತ್ತ ಆಕೆಯ ಮುಖ ಗಂಟಿಕ್ಕಿತು.

"ಇಲ್ಲಿ ನೋಡ್ರಿ ಮೇಡಂ, ಬಸ್ಸಿನ ಗಾಳಿಗೆ ತಲಿ ಎಷ್ಟು ಒಣಗೈತಿ. ಇಲ್ಲೇ ಎಲ್ಲೆರ ಎಣ್ಣಿ ಸಿಗ್ತೈತೇನ್ರಿ?"