ಮಾಲೂರಿನಿಂದ ಮಂಗೋಲಿಯಕ್ಕೆ

ಕೆಲವರಿಗೆ ಕಷ್ಟ ಕಷ್ಟದ ವೇಷದಲ್ಲೇ ಬರುತ್ತದೆ. ನನಗೆ ಮಾತ್ರ ಯಾವಾಗಲೂ ನಗೆಪಾಟಲಾಗಿ ಬರುತ್ತದೆ. ಅಳೋಣವೆಂದರೆ ಸುತ್ತಲಿದ್ದವರೆಲ್ಲ ನಗುತ್ತಿರುತ್ತಾರೆ. ಎಂಬತ್ತರ ದಶಕದ ಶುರುವಿನಲ್ಲಿ, ಮಾಲೂರಿನ ಹುಡುಗಿಯಾದ ನಾನು ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಕಲಿಯಲು ಮಂಗೋಲಿಯಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಆ ಸಂಕಟವನ್ನು ಯಾರಿಗೆ ಹೇಳಿದರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನೀವೂ ನಗಿ, ನನಗೆ ರೂಢಿಯಾಗಿದೆ.

ಎತ್ತಿಲ್ಲದ ಬಂಡಿ

ಬೆಂಗಳೂರಿನ ಸೋದರಮಾವ ಯಾರೋ ಬಿಟ್ಟುಕೊಟ್ಟ ಚಕ್ರದ ಸ್ಕೇಟ್ಸ್ ತಂದುಕೊಟ್ಟಿದ್ದರು. ನಮ್ಮೂರ ರಸ್ತೆಯಲ್ಲಿ ಅವನ್ನು ಹಾಕಿಕೊಂಡರೆ ಹಲ್ಲು ಉಳಿಯುತ್ತಿರಲಿಲ್ಲ. ನಮ್ಮ ಬೀದಿಯ ಹಿಂದಿನ ಹೆಂಚಿನ ಕಾರ್ಖಾನೆಯಲ್ಲಿ ಹಸಿ ಹೆಂಚು ಒಣಗಿಸುವ ಸಿಮೆಂಟ್ ಕಣವೊಂದೇ ನುಣ್ಣಗಿದ್ದ ಜಾಗ. ಭಾನುವಾರ ಅಲ್ಲಿ ಸುತ್ತುತ್ತಿದ್ದೆ. ಪ್ಯಾಂಟಿಗೆ ಅಜ್ಜಿಯ ಒಪ್ಪಿಗೆ ಇರಲಿಲ್ಲ. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂಟಿಕಾಲಲ್ಲಿ ಗಿರಗಿರನೆ ತಿರುಗುವುದನ್ನು ನಾನೇ ಕಲಿತೆ. ಅಲ್ಲಿ ಕಸ ಗುಡಿಸುತ್ತಿದ್ದ ಮುದುಕಿಯೊಬ್ಬಳು ಬಾಯಿಗೆ ಸೆರಗು ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ಶಹಬ್ಬಾಸ್ ಅನ್ನುತ್ತಾಳೆಂದು ಕಾದೆ.

"ಏಮಮ್ಮಾ, ಚಕ್ರ ಕಟ್ಕೊಂಡಿದೀಯ, ಸರಿ. ಎತ್ತು ಯಾವಾಗ ಬರ್ತದೆ?"

ಮೀನು ಬೇಡ ಬಿಡಿ

ಬೆಂಗಳೂರಿನಲ್ಲೊಂದು ಸ್ಪರ್ಧೆ ಗೆದ್ದೆ. ಅಲ್ಲಿದ್ದ ಕೋಚ್ ಅಪ್ಪನನ್ನು ಕರೆದು, "ಒಂದು ಸ್ನೇಹ ಸಂಘದವರು ಮಂಗೋಲಿಯಕ್ಕೆ ಒಬ್ಬ ಹುಡುಗೀನ ಕಳಿಸ್ತಾರೆ. ಒಂದು ವರ್ಷ ಐಸ್ ಮೇಲೆ ತರಬೇತಿ, ಖರ್ಚೆಲ್ಲ ಅವರದೇ. ನಿಮ್ಮ ಮಗಳೇ ಹೋಗ್ಲಿ" ಅಂದರು. ಆ ರಾತ್ರಿ ಖುಷಿಗೆ ನನಗೆ ಅನ್ನ ಸೇರಲಿಲ್ಲ.

ಅಪ್ಪ ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು. ಮರುದಿನವೇ ಬೋಗಿಯಲ್ಲಿ ಜೊತೆಯವರಿಗೆಲ್ಲ ಸುದ್ದಿ ಹೇಳಿದರು. ಗಾಡಿಯ ಸದ್ದಿನಲ್ಲಿ ಯಾರ ಕಿವಿಗೂ ಪೂರ್ತಿ ಬೀಳಲಿಲ್ಲ. ಟೇಕಲ್‌ನಿಂದ ಓಡಾಡುವ ಗುಮಾಸ್ತರೊಬ್ಬರು ಮನೆಗೇ ಬಂದು ನನ್ನ ತಲೆ ನೇವರಿಸಿದರು.

"ಮಂಗಳೂರಿಗೆ ಹೋಗ್ತಿದೀಯಂತೆ, ಸಂತೋಷ ಕಣಮ್ಮ. ಬರೋವಾಗ ಒಳ್ಳೆ ಮೀನು ತಗೊಂಡ್ಬಾ."

"ಮಂಗಳೂರಲ್ಲ ಸಾರ್, ಮಂಗೋಲಿಯ! ಚೀನಾ ಪಕ್ಕ!" ಅಂತ ಅಪ್ಪ ಕೂಗಿದರು.

ಗುಮಾಸ್ತರು ಸ್ವಲ್ಪ ಯೋಚನೆ ಮಾಡಿದರು. "ಅಷ್ಟು ದೂರಾನಾ? ಹಾಗಾದ್ರೆ ಮೀನು ಕೆಟ್ಟೋಗುತ್ತೆ. ಬೇಡ ಬಿಡಿ."

ಕುರ್ಚಿ ಇತ್ತಲ್ಲ

ಹೋಗುವ ಮೊದಲು ಒಮ್ಮೆಯಾದರೂ ಮಂಜುಗಡ್ಡೆಯ ಮೇಲೆ ನಿಲ್ಲಬೇಕೆಂಬ ಹುಚ್ಚು ನನಗೆ. ಅಪ್ಪ ಕೋಲಾರದ ಒಂದು ಐಸ್ ಫ್ಯಾಕ್ಟರಿಗೆ ಕರೆದುಕೊಂಡು ಹೋದರು. ಮಾಲೀಕರು ಒಳ್ಳೆಯವರು, ಕರಗದಂತೆ ಮುಚ್ಚಿದ್ದ ಹೊಟ್ಟು ಒರೆಸಿ ದೊಡ್ಡ ದೊಡ್ಡ ಗಡ್ಡೆಗಳನ್ನು ಸಾಲಾಗಿ ಜೋಡಿಸಿಕೊಟ್ಟರು. ಬರಿಗಾಲಲ್ಲಿ ಹತ್ತಿದೆ. ಅಂಗಾಲು ಸುಟ್ಟ ಹಾಗಾಯಿತು. ಒಂದು ಗಳಿಗೆ ನೆಟ್ಟಗೆ ನಿಂತಿದ್ದೆ; ಅಷ್ಟು ಸಂತೋಷ ನನಗೆ ಮತ್ತೆಂದೂ ಆಗಿಲ್ಲ. ಆಮೇಲೆ ಗಡ್ಡೆ ಒಂದು ಕಡೆ, ಕಾಲು ಒಂದು ಕಡೆ. ಧೊಪ್ಪನೆ ಕೂತೆ.

ಮಾಲೀಕರು ಅಪ್ಪನ ಕಡೆ ತಿರುಗಿದರು. "ಕೂತ್ಕೊಳ್ಳೋಕೇನ್ ಸಾರ್ ಇಷ್ಟೆಲ್ಲ? ಆಫೀಸಲ್ಲಿ ಕುರ್ಚಿ ಇತ್ತಲ್ಲ!"

ಅಪ್ಪನ ಅಚ್ಚಗನ್ನಡ

ನಮ್ಮ ಮನೆಯಲ್ಲಿ ಅಜ್ಜಿಯ ಮಾತು ಮೀರುವವರು ಯಾರೂ ಇರಲಿಲ್ಲ. ಅಜ್ಜಿಯದು ಒಂದೇ ಷರತ್ತು: "ನಿಶ್ಚಿತಾರ್ಥ ಆಗ್ಲಿ, ಆಮೇಲೆ ಎಲ್ಲಿಗಾದ್ರೂ ಹಾಳಾಗೋಗ್ಲಿ." ಶ್ರೀನಿವಾಸಪುರದ ಕಡೆ, ಯಲ್ದೂರಿನ ಮಾವಿನ ತೋಟದವರು ಹೆಣ್ಣು ನೋಡಲು ಬಂದರು. ಹುಡುಗ ಸಾಧು. ಕಲಿಯೋಕೆ ಹೊರದೇಶಕ್ಕೆ ಹೋಗುತ್ತಾಳೆ ಅಂದಿದ್ದಕ್ಕೆ, ಒಂದು ವರ್ಷ ಕಾಯುತ್ತೇನೆಂದು ಮೊದಲೇ ಹೇಳಿ ಕಳಿಸಿದ್ದ. ಉಪ್ಪಿಟ್ಟು ಬಂತು. ನಾನು ಮನಸ್ಸಿನಲ್ಲೇ ಸ್ವೆಟರ್ ಮಡಿಸಿಡುತ್ತಿದ್ದೆ.

ಹುಡುಗನ ತಾಯಿ ಕೇಳಿದರು: "ಅಲ್ಲಿ ಹೋಗಿ ಏನು ಕಲೀತಾಳಂತೆ?"

ಅಪ್ಪ ಎದೆಯುಬ್ಬಿಸಿಕೊಂಡು, "ಕಾಲು ಜಾರೋದು" ಅಂದರು.

ಆಕೆ ತಟ್ಟೆ ಕೆಳಗಿಟ್ಟರು.

"ಈಗ್ಲೇ ಇಡೀ ಜಿಲ್ಲೇಲಿ ಇವಳಷ್ಟು ಚೆನ್ನಾಗಿ ಕಾಲು ಜಾರೋರು ಇನ್ನೊಬ್ರಿಲ್ಲ," ಅಪ್ಪ ನಿಲ್ಲಿಸಲಿಲ್ಲ. "ಯಾರೂ ಹೇಳ್ಕೊಡ್ಲಿಲ್ಲ, ತಾನಾಗೇ ಕಲ್ತಿದ್ದು! ಬೆಂಗಳೂರಲ್ಲಿ ಅಷ್ಟು ಜನದೆದುರಿಗೆ ಜಾರಿ ಕಪ್ ಬೇರೆ ತಂದಿದ್ದಾಳೆ!"

ಅವರು ಚಪ್ಪಲಿ ಮೆಟ್ಟಿದ್ದೂ ಕಾಣಲಿಲ್ಲ. ಸುದ್ದಿ ಅವರಿಗಿಂತ ಮೊದಲು ಶ್ರೀನಿವಾಸಪುರ ಸೇರಿ, ಮುಳಬಾಗಿಲಿನ ನೆಂಟರನ್ನೂ ಮುಟ್ಟಿತು. ಅಜ್ಜಿ ನನ್ನನ್ನು ಹೊಸಿಲು ದಾಟಗೊಡಲಿಲ್ಲ. ಸಂಘದವರು ಕಾದು ಕಾದು ಬೇರೊಬ್ಬಳನ್ನು ಕಳಿಸಿದರು. ಅವಳು ವಿಮಾನ ಹತ್ತಿದ ದಿನ ನಾನು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ. ನನ್ನ ಬದುಕು ಅಲ್ಲಿಗೆ ಮುಗಿಯಿತು ಅನ್ನಿಸಿತ್ತು. ಈಗಲೂ ಕೆಲವು ದಿನ ಹಾಗೇ ಅನ್ನಿಸುತ್ತದೆ.

ಅಪ್ಪ ಬಂದು ಪಕ್ಕದಲ್ಲಿ ಕುಕ್ಕರಿಸಿದರು. ಅವರ ಕಣ್ಣೂ ಒದ್ದೆಯಾಗಿತ್ತು.

"ಸ್ಕೇಟಿಂಗ್ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತಲ್ಲಪ್ಪ," ಅಂದೆ.

"ಅನ್ನೋಣ ಅಂತಾನೇ ಇದ್ದೆ ಕಣೇ," ಅಂದರು ಅಪ್ಪ. "ಹಳ್ಳಿ ಕಡೆಯೋರು, ಇಂಗ್ಲಿಷ್ ಬರಲ್ಲ. ಏನಾದ್ರೂ ತಪ್ಪು ತಿಳ್ಕೊಂಡ್ಬಿಟ್ರೆ ಅಂತ ಭಯ ಆಯ್ತು."