ಉಡ ಕೊಂಡಿ ಹಾಕಿದ ದಿನ

"ಬೆಲ್ಟಿನ ಕೊಂಡಿ ಹಾಕ್ಕೊಳ್ತೀರ ತಾನೇ?" ಎಂದು ಹೆಂಡತಿ ದಿನವೂ ಕೇಳುತ್ತಿದ್ದಳು. "ಹಾಕದೆ ಒಂದು ಹೆಜ್ಜೆ ಇಡಲ್ಲ ಕಣೇ" ಎಂದು ಉಡ ದಿನವೂ ಹೇಳುತ್ತಿದ್ದ. ಮದುವೆಯಾದಾಗಿನಿಂದ ಆ ಮನೆಯಲ್ಲಿ ತಪ್ಪದೆ ನಡೆದುಬಂದದ್ದು ಈ ಸುಳ್ಳೊಂದೇ.

ಶೆಡ್ಡುಗಳ ಮೇಲೆ ಕೂತು, ತಗಡಿಗೆ ಆಸರೆಯಾಗುವ ಉಕ್ಕಿನ ಪರ್ಲಿನ್‌ಗಳನ್ನು ಬಿಗಿಯುವುದು ಅವನ ಕೆಲಸ. ಎಷ್ಟೇ ಎತ್ತರದಲ್ಲೂ ಕಾಲಲ್ಲೇ ಕಚ್ಚಿ ಹಿಡಿಯುತ್ತಿದ್ದುದರಿಂದ ಉಡ ಎಂಬ ಹೆಸರು. ಸೇಫ್ಟಿ ಬೆಲ್ಟೇನೋ ತೊಡುತ್ತಿದ್ದ, ಅದರ ಹಗ್ಗದ ಕೊಂಡಿಯನ್ನು ಮಾತ್ರ ಉಕ್ಕಿಗೆ ಸಿಕ್ಕಿಸದೆ, ಹಗ್ಗವನ್ನು ಸೊಂಟಕ್ಕೇ ಸುತ್ತಿಕೊಂಡು, ಬಾಲ ಮಡಚಿಟ್ಟ ಕೋತಿಯ ಹಾಗೆ ಓಡಾಡುತ್ತಿದ್ದ.

ಅಂದು ಬೆಳಿಗ್ಗೆ ಹೆಂಡತಿ, "ಮಧ್ಯಾಹ್ನ ನನಗೆ ಹೊರಗೆ ಕೆಲಸ ಇದೆ" ಎಂದಳು. ಕೆಲವು ವಾರಗಳಿಂದ ಅವಳು ಯಾವುದೋ ಕ್ಲಾಸಿಗೆ ಹೋಗುತ್ತಿದ್ದಳು. ಹೊಲಿಗೆ ಇರಬೇಕು ಎಂದುಕೊಂಡ ಉಡ ಕೇಳುವ ಗೋಜಿಗೆ ಹೋಗಿರಲಿಲ್ಲ.

"ಊಟ ಆದ್ಮೇಲೆ ಹೊಸ ಸೇಫ್ಟಿಯವರು ಚೆಕ್ಕಿಂಗಿಗೆ ಬರ್ತಾರಂತೆ. ಕೊಂಡಿ ಹಾಕದೋರು ಸೀದಾ ಮನೆಗಂತೆ" ಎಂದ ಸೈಟಿನಲ್ಲಿ ಜೊತೆಗಾರ ಕುಳ್ಳ.

"ಇಂಥೋರನ್ನ ಎಷ್ಟು ಜನ ನೋಡಿಲ್ಲ" ಎಂದ ಉಡ.

ಆದರೆ ಮಧ್ಯಾಹ್ನ ಕೆಳಗಿನಿಂದ ಮೇಸ್ತ್ರಿ "ಬಂದ್ರು, ಬಂದ್ರು!" ಎಂದು ಕೂಗಿದಾಗ ಉಡ ಕೊಂಡಿಗಾಗಿ ಸೊಂಟ ತಡಕಿದ. ಒಂದರ ಮೇಲೊಂದು ಕೂರಿಸಿದ ಎರಡು ಪರ್ಲಿನ್ ತುದಿಗಳನ್ನು ಆಗಷ್ಟೇ ಜೋಡಿಸುತ್ತಿದ್ದ. ಗಡಿಬಿಡಿಯಲ್ಲಿ ಹಗ್ಗವನ್ನು ಅಲ್ಲೇ ಸುತ್ತಿ, ಕೊಂಡಿ ಹಾಕಿ, ಬೋಲ್ಟನ್ನು ಶಕ್ತಿಯೆಲ್ಲ ಹಾಕಿ ಬಿಗಿದ. ಏಳಲು ನೋಡಿದರೆ ಯಾರೋ ಹಿಂದಿನಿಂದ ಎಳೆದ ಹಾಗಾಯಿತು. ಎರಡು ಪರ್ಲಿನ್‌ಗಳ ನಡುವೆ ಹಗ್ಗ ಸಿಕ್ಕಿಕೊಂಡಿತ್ತು. ತಿರುಗಿ ನೋಡುವಷ್ಟರಲ್ಲಿ ಸ್ಪ್ಯಾನರ್ ಕೈಜಾರಿ ಕೆಳಗೆ ಬಿತ್ತು.

"ಬೆಲ್ಟೇ ಬಿಚ್ಚಿ ಬಾರೋ" ಎಂದ ಕೆಳಗಿನಿಂದ ಕುಳ್ಳ.

"ಅವರ ಕಣ್ಣೆದುರಿಗಾ? ಕೆಲಸ ಹೋಗುತ್ತೆ!"

ಕೆಳಗೆ ಸಲಹೆಗಳ ಸಂತೆ ನೆರೆಯಿತು. "ಹಲ್ಲಲ್ಲಿ ಕಚ್ಚಿ ಎಳಿ!" ಎಂದ ವೆಲ್ಡರ್. "ಪರ್ಲಿನ್ ಸಮೇತ ಇಳಿಸ್ಲಾ?" ಎಂದ ಕ್ರೇನಿನವನು.

ಅಷ್ಟರಲ್ಲಿ ಏಣಿಯ ಮೇಲೆ ಹಳದಿ ಹೆಲ್ಮೆಟ್ಟೊಂದು, ಒಂದು ಕೊಂಡಿ ಹಾಕಿ ಇನ್ನೊಂದು ಬಿಡಿಸುತ್ತ, ನಿಧಾನವಾಗಿ ಏರಿ ಬಂತು. ಹೆಲ್ಮೆಟ್ ತಲೆಯೆತ್ತಿತು.

"ನೀನಾ!"

"ಅಲುಗಾಡ್ಬೇಡಿ" ಎಂದಳು ಹೆಂಡತಿ.

ತಾನು ತಂದ ಇನ್ನೊಂದು ಹಗ್ಗವನ್ನು ಮೊದಲು ಅವನಿಗೆ ಸಿಕ್ಕಿಸಿದಳು. ಅವನ ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡಿದಳು. ಆಮೇಲೆ ತಂದಿದ್ದ ಸ್ಪ್ಯಾನರಿನಿಂದ ಬೋಲ್ಟ್ ಸಡಿಲಿಸಿ ಅವನ ಕೊಂಡಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಹೋದ ವರ್ಷ ಕಂಪನಿಯವರು ಕೊಟ್ಟ ಬೆಲ್ಟು. ಕೊಂಡಿಗೆ ಸುತ್ತಿದ್ದ ಪ್ಲಾಸ್ಟಿಕ್ ಇನ್ನೂ ಹಾಗೇ ಇತ್ತು.

"ಹಾಕದೆ ಒಂದು ಹೆಜ್ಜೆ ಇಡಲ್ಲ, ಅಲ್ವಾ?"

"ಇವತ್ತು ಹಾಕಿದ್ದೆ ಕಣೇ..."

"ನಿಮಗೋಸ್ಕರಾನೇ ಕ್ಲಾಸಿಗೆ ಹೋಗಿ ಈ ಸೇಫ್ಟಿ ಕೆಲಸ ಕಲಿತೆ ಕಣ್ರೀ." ಅವಳು ತೋಳಿನಿಂದ ಕಣ್ಣೊರೆಸಿಕೊಂಡಳು. ಉಡನ ಕಣ್ಣೂ ಒದ್ದೆಯಾಯಿತು. ಬಚಾವಾದೆ ಎಂದುಕೊಂಡ.

ಇಬ್ಬರೂ ಕೆಳಗಿಳಿದರು. ಅವಳು ಮೂಗು ಒರೆಸಿಕೊಂಡು, ಎಲ್ಲರಿಗೂ ಕೇಳುವಂತೆ, "ಮೇಸ್ತ್ರಿಗಳೇ, ಇವರು ಸೀದಾ ಮನೆಗೆ" ಎಂದಳು. ಆಮೇಲೆ ಅವನ ಅಂಗೈಯಲ್ಲಿ ಬೀಗದ ಕೈಯಿಟ್ಟು ಮೆಲ್ಲಗೆ, "ನಾನು ಬರೋದು ಸಂಜೆಯಾಗುತ್ತೆ. ಬಟ್ಟೆ ಒಳಗೆ ಹಾಕಿ, ಅಡುಗೆ ಮಾಡಿಡಿ. ಬೇಳೆ ಡಬ್ಬ ಅಟ್ಟದ ಮೇಲಿದೆ. ಸ್ಟೂಲ್ ಹತ್ತುವಾಗ..." ಎಂದಳು.

"ಕೊಂಡಿ ಹಾಕ್ಕೊಳ್ತೀನಿ" ಎಂದ ಉಡ.